ಗಾಂಜಾ ಚಟ: ಯುವಜನರ ರಕ್ತನಾಳಕ್ಕೂ ಕುತ್ತು

ಗಾಂಜಾ ಸೇವನೆಯಿಂದ ಮನಸ್ಸು ಕೆಡುತ್ತದೆ ಎಂಬುದು ಬಹುತೇಕ ಎಲ್ಲರೂ ಬಲ್ಲ ಸಂಗತಿ. ಆದರೆ ವರ್ಷಗಟ್ಟಲೆ ಸೇದುವ ಕೆಲವು ಯುವಜನರಲ್ಲಿ ಕಾಲ್ಬೆರಳು ಕಪ್ಪಾಗಿ ಕೊಳೆತು, ಕತ್ತರಿಸಬೇಕಾದ ಸ್ಥಿತಿಯೂ ಒದಗಬಹುದು. ಅಪರೂಪದ ಈ ತೊಂದರೆಯನ್ನು ವೈದ್ಯರು ‘ಕ್ಯಾನಬಿಸ್ ಆರ್ಟರೈಟಿಸ್’ ಎಂದು ಕರೆಯುತ್ತಾರೆ.

ಹಿನ್ನೆಲೆ
1960ರಲ್ಲಿ ಸ್ಟರ್ನ್ ಮತ್ತು ಡುಕಾಸ್ಟೆಂಗ್ ಎಂಬ ವೈದ್ಯರು ಮೊರಾಕ್ಕೊದ ಯುವಕರಲ್ಲಿ ಇದನ್ನು ಮೊದಲು ಗುರುತಿಸಿದರು. ತಂಬಾಕು ಸೇವಿಸುವವರಲ್ಲಿ ಕಾಣುವ, 1908ರಲ್ಲಿ ಲಿಯೋ ಬರ್ಗರ್ ವಿವರಿಸಿದ ರೋಗವನ್ನು ಇದು ಬಹುಮಟ್ಟಿಗೆ ಹೋಲುತ್ತದೆ. ಹೆಚ್ಚಿನ ರೋಗಿಗಳು ತಂಬಾಕನ್ನೂ ಸೇದುವವರಾದ್ದರಿಂದ, ಇದು ಪ್ರತ್ಯೇಕ ರೋಗವೇ ಅಲ್ಲವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಲಕ್ಷಣಗಳು
ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ರಾಸಾಯನಿಕವು ನಾಡಿಬಡಿತವನ್ನು ಹೆಚ್ಚಿಸುತ್ತದೆ. ಅಪಧಮನಿಗಳನ್ನು ಸಂಕುಚಿತಗೊಳಿಸುವ ಗುಣವೂ ಅದಕ್ಕಿದೆ. ಕಾಲಿನ ತುದಿಭಾಗದ ಸಣ್ಣ ಅಪಧಮನಿಗಳು ಮುಚ್ಚಿಕೊಂಡಾಗ ಪಾದ ತಣ್ಣಗಾಗುವುದು, ನಡೆಯುವಾಗ ಮೀನಖಂಡದಲ್ಲಿ ನೋವು, ಬೆರಳುಗಳ ಬಣ್ಣ ಬದಲಾಗುವುದು, ವಾಸಿಯಾಗದ ಹುಣ್ಣು ಮುಂತಾದ ಲಕ್ಷಣಗಳು ತೋರುತ್ತವೆ. ಮಧುಮೇಹ, ಅಧಿಕ ಕೊಲೆಸ್ಟರಾಲ್ ಇಲ್ಲದ ಯುವಕರಲ್ಲಿ ಹೀಗಾದರೆ ವೈದ್ಯರು ಚಟದ ಬಗ್ಗೆ ವಿಚಾರಿಸುವುದು ಅಗತ್ಯ, ರೋಗಿಯೂ ಮುಚ್ಚಿಡಬಾರದು.

ಹೃದಯಕ್ಕೂ ಅಪಾಯ
ಗಾಂಜಾ ಸೇದಿದ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ 4.8 ಪಟ್ಟು ಹೆಚ್ಚುತ್ತದೆ ಎಂದು 2001ರ ಅಮೆರಿಕದ ಅಧ್ಯಯನವೊಂದು ತಿಳಿಸಿತ್ತು. ಅದೇ ದೇಶದ ಸುಮಾರು 4.34 ಲಕ್ಷ ವಯಸ್ಕರ ಮಾಹಿತಿ ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಿತ್ಯ ಸೇವಿಸುವವರಲ್ಲಿ ಹೃದಯಾಘಾತದ ಸಂಭವ ಶೇ 25ರಷ್ಟು ಹಾಗೂ ಪಾರ್ಶ್ವವಾಯುವಿನ ಸಂಭವ ಶೇ 42ರಷ್ಟು ಅಧಿಕ. ಇವು ಪರಸ್ಪರ ನಂಟನ್ನು ತೋರುವ ಅಂಕಿಅಂಶಗಳೇ ಹೊರತು, ಗಾಂಜಾವೇ ಕಾರಣ ಎಂಬುದಕ್ಕೆ ಅಂತಿಮ ಪುರಾವೆಯಲ್ಲ.

ಭಾರತದಲ್ಲಿ
1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯಡಿ ಗಾಂಜಾ, ಚರಸ್ ನಿಷಿದ್ಧ. ಎಲೆಯಿಂದ ತಯಾರಿಸುವ ಭಂಗಿ ಆ ವ್ಯಾಖ್ಯೆಯಿಂದ ಹೊರಗಿದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 3.1 ಕೋಟಿ ಮಂದಿ ಇವುಗಳಲ್ಲಿ ಯಾವುದಾದರೊಂದನ್ನು ಹಿಂದಿನ ಒಂದು ವರ್ಷದಲ್ಲಿ ಸೇವಿಸಿದ್ದರು. ಗಾಂಜಾ, ಚರಸ್ ಸೇವಿಸಿದವರೇ ಸುಮಾರು 1.3 ಕೋಟಿ.

ಚಿಕಿತ್ಸೆ
ಗಾಂಜಾ, ತಂಬಾಕು ಎರಡನ್ನೂ ಸಂಪೂರ್ಣ ಬಿಡುವುದೇ ಮೊದಲ ಮದ್ದು. ಆಸ್ಪಿರಿನ್ ಹಾಗೂ ರಕ್ತನಾಳ ಹಿಗ್ಗಿಸುವ ಔಷಧಗಳನ್ನು ವೈದ್ಯರು ನೀಡುವುದುಂಟು. ಚಟ ಮುಂದುವರಿದರೆ ಔಷಧಗಳಿಂದ ಹೆಚ್ಚಿನ ಪ್ರಯೋಜನವಾಗದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಲಭ್ಯವಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.