ಫ್ಯಾನು ಮಾತು ಕೇಳುವಂತಾದ ಬಗೆ

ಬಾಯಿಮಾತಿಗೆ ಫ್ಯಾನ್ ತಿರುಗುವುದು, ಕೋಣೆಯ ತಾಪ ಏರಿಳಿಯುವುದು ಈಚಿನ ಒಂದು ದಶಕದ ಬೆಳವಣಿಗೆ. ಆದರೆ ಅದಕ್ಕೆ ಬೇಕಾದ ಸಲಕರಣೆಗಳ ಚರಿತ್ರೆ ಹಳೆಯದು. ವಿದ್ಯುತ್ ಫ್ಯಾನ್ ಮತ್ತು ವಿದ್ಯುತ್ ಥರ್ಮೋಸ್ಟಾಟ್ ಎರಡೂ ಹುಟ್ಟಿದ್ದು 1880ರ ದಶಕದಲ್ಲಿ. ಮಾತನ್ನು ಗುರುತಿಸುವ ಯಂತ್ರ ಬಂದದ್ದು ಅದಾದ ಸುಮಾರು ಎಪ್ಪತ್ತು ವರ್ಷಕ್ಕೆ. ಈ ಮೂರೂ ಬೇರೆ ಬೇರೆ ದಾರಿಯಲ್ಲಿ ಬೆಳೆದು ಒಂದೆಡೆ ಕೂಡಿದ ಮೇಲೆಯೇ ಇಂದಿನ ಸ್ಮಾರ್ಟ್ ಮನೆ ಸಾಧ್ಯವಾಯಿತು.

ಯಂತ್ರಗಳು ಬರುವ ಮೊದಲು ಈ ಕೆಲಸ ಮನುಷ್ಯರದಾಗಿತ್ತು. ಬ್ರಿಟಿಷರ ಕಾಲದ ಭಾರತದಲ್ಲಿ ಬಂಗಲೆ, ಕಚೇರಿ, ನ್ಯಾಯಾಲಯಗಳ ಚಾವಣಿಯಿಂದ ಬಟ್ಟೆ ಕಟ್ಟಿದ ಉದ್ದನೆಯ ಚೌಕಟ್ಟನ್ನು ತೂಗುಬಿಡುತ್ತಿದ್ದರು. ಅದಕ್ಕೆ ಕಟ್ಟಿದ ಹಗ್ಗ ಗೋಡೆಯ ತೂತಿನಿಂದ ಹೊರಗಿನ ಜಗಲಿಗೆ ಹೋಗುತ್ತಿತ್ತು. ಅಲ್ಲಿ ಕುಳಿತ ಪಂಖಾ ಎಳೆಯುವವನು ಬೇಸಿಗೆಯ ಹಗಲೂ ರಾತ್ರಿಯೂ ಅದನ್ನು ಜಗ್ಗಬೇಕಿತ್ತು. ಒಳಗಿನವರಿಗೆ ತಂಪು ಕೊಡುವವನಿಗೆ ಆ ಗಾಳಿಯ ಪಾಲು ಸಿಗುತ್ತಿರಲಿಲ್ಲ. ಚಳಿ ದೇಶಗಳಲ್ಲೂ ಹೀಗೆಯೇ ಒಬ್ಬ ಮನುಷ್ಯ ನಡುವೆ ಇದ್ದ. ಅಮೆರಿಕದ ಶಾಲೆಗಳಲ್ಲಿ ಜವಾನನು ಆಗಾಗ ತರಗತಿಗೆ ಬಂದು ತಾಪ ನೋಡಿಕೊಂಡು ಹೋಗಿ, ಅದಕ್ಕೆ ತಕ್ಕಂತೆ ನೆಲಮಾಳಿಗೆಯ ಕುಲುಮೆಯನ್ನು ಹೆಚ್ಚು ಕಡಿಮೆ ಮಾಡಿಸಬೇಕಿತ್ತು.

ಗಾಳಿಯ ಕೆಲಸ ಯಂತ್ರಕ್ಕೆ ಬಂದದ್ದು 1882ರಲ್ಲಿ. ಅಮೆರಿಕದ ಸ್ಕೈಲರ್ ವೀಲರ್ ಎರಡು ರೆಕ್ಕೆಗಳ ಮೇಜಿನ ಫ್ಯಾನ್ ತಯಾರಿಸಿದ. ಹೊಲಿಗೆ ಯಂತ್ರಕ್ಕೆ ವಿದ್ಯುತ್ ಮೋಟಾರು ರೂಪಿಸಿದ್ದ ಫಿಲಿಪ್ ಡೀಲ್ 1887ರ ಹೊತ್ತಿಗೆ ಅಂಥ ಮೋಟಾರಿಗೇ ರೆಕ್ಕೆ ಜೋಡಿಸಿ ಚಾವಣಿಗೆ ತೂಗುಹಾಕಿದ. ಫ್ಯಾನಿಗೆ ವಿದ್ಯುತ್ ಬೇಕು. ಮೈಸೂರು ಸಂಸ್ಥಾನದಲ್ಲಿ ಅದು ಬೇಗನೆ ಬಂತು. ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ತಲುಪಿತು.

ಸೀಲಿಂಗ್ ಫ್ಯಾನಿನ ವೇಗವನ್ನು ಹತೋಟಿಯಲ್ಲಿಟ್ಟದ್ದು ಗೋಡೆಯ ರೆಗ್ಯುಲೇಟರ್. ಹಳೆಯ ಮಾದರಿಯ ಡಬ್ಬಿಯೊಳಗೆ ಪ್ರತಿರೋಧದ ತಂತಿಯ ಸುರುಳಿ ಇರುತ್ತಿತ್ತು. ಗುಂಡಿಯನ್ನು ಐದರಿಂದ ಒಂದಕ್ಕೆ ತಿರುಗಿಸಿದಂತೆ ಸುರುಳಿಯ ಹೆಚ್ಚು ಭಾಗ ವಿದ್ಯುತ್ತಿಗೆ ಅಡ್ಡ ಬಂದು ಫ್ಯಾನು ನಿಧಾನವಾಗುತ್ತಿತ್ತು. ತಡೆಹಿಡಿದ ವಿದ್ಯುತ್ತು ಶಾಖವಾಗಿ ಡಬ್ಬಿ ಬಿಸಿಯಾಗುತ್ತಿತ್ತು. ಹೀಗಾಗಿ ವೇಗ ಇಳಿಸಿದಷ್ಟು ಉಳಿತಾಯ ಆಗುತ್ತಿರಲಿಲ್ಲ. ಮುಂದೆ ಬಂದ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ಈ ನಷ್ಟವನ್ನು ಬಹಳಷ್ಟು ತಗ್ಗಿಸಿದವು.

ಥರ್ಮೋಸ್ಟಾಟಿನ ಜಾಡು ಬೇರೆ. ಎರಡು ಲೋಹದ ಪಟ್ಟಿಗಳನ್ನು ಬೆಸೆದರೆ, ಕಾದಾಗ ಒಂದು ಹೆಚ್ಚು ಹಿಗ್ಗಿ ಜೋಡಿಪಟ್ಟಿ ಬಾಗುತ್ತದೆ. ಈ ಗುಣವನ್ನು ಬಳಸಿ ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್ 1830ರಲ್ಲಿ ತಾಪ ನಿಯಂತ್ರಕಕ್ಕೆ ಪೇಟೆಂಟ್ ಪಡೆದ. ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಊರಿನಲ್ಲಿ ಅಧ್ಯಾಪಕನಾಗಿದ್ದ ವಾರನ್ ಜಾನ್ಸನ್ 1883ರಲ್ಲಿ ಅದಕ್ಕೆ ವಿದ್ಯುತ್ ಜೋಡಿಸಿದ: ತರಗತಿಯ ತಾಪ ಬದಲಾದರೆ ನೆಲಮಾಳಿಗೆಯಲ್ಲಿ ಗಂಟೆ ಬಾರಿಸುತ್ತಿತ್ತು. ಆಲ್ಬರ್ಟ್ ಬುಟ್ಜ್ ರೂಪಿಸಿದ ಸಾಧನ ಗಂಟೆಗೆ ನಿಲ್ಲದೆ, ಕೋಣೆ ತಣ್ಣಗಾದಾಗ ಕುಲುಮೆಯ ಗಾಳಿಕಿಂಡಿಯನ್ನು ತಾನೇ ತೆರೆಯಿತು. ಅಲ್ಲಿಗೆ ನಡುವಿನ ಮನುಷ್ಯನ ಓಡಾಟ ತಪ್ಪಿತು. 1953ರಲ್ಲಿ ಹೆನ್ರಿ ಡ್ರೈಫಸ್ ವಿನ್ಯಾಸಗೊಳಿಸಿದ ಹನಿವೆಲ್ ಕಂಪನಿಯ ದುಂಡನೆಯ ಥರ್ಮೋಸ್ಟಾಟ್ ಲಕ್ಷಾಂತರ ಮನೆಗಳ ಗೋಡೆ ಸೇರಿತು.

ಫ್ಯಾನಿಗೂ ಥರ್ಮೋಸ್ಟಾಟಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಥರ್ಮೋಸ್ಟಾಟಿಗೆ ಗುರಿಯನ್ನು ಹೇಳಿದರೆ ಸಾಕು. ಅದು ಅಳೆಯುತ್ತ, ಯಂತ್ರವನ್ನು ನಡೆಸುತ್ತ, ನಿಲ್ಲಿಸುತ್ತ ಆ ಗುರಿಯನ್ನು ಕಾಯುತ್ತದೆ. ಸಾಮಾನ್ಯ ಫ್ಯಾನಿಗೆ ಸೆಕೆಯ ಅರಿವಿಲ್ಲ. ಅದು ಹೇಳಿದ ವೇಗದಲ್ಲಿ ತಿರುಗುತ್ತದೆ, ಅಷ್ಟೆ. ಸಾಕೋ ಸಾಲದೋ ಎಂಬ ತೀರ್ಮಾನ ಮನುಷ್ಯನದು.

ಮೂರನೆಯ ಎಳೆ ಮಾತಿನದು. ಬೆಲ್ ಪ್ರಯೋಗಾಲಯದ 'ಆಡ್ರೆ' 1952ರಲ್ಲಿ ಬಾಯಲ್ಲಿ ಹೇಳಿದ ಅಂಕಿಗಳನ್ನು ಗುರುತಿಸಿತು. ಐಬಿಎಂ 1962ರಲ್ಲಿ ಸಿಯಾಟಲ್ ಮೇಳದಲ್ಲಿ ತೋರಿಸಿದ 'ಷೂಬಾಕ್ಸ್' 16 ಪದಗಳನ್ನು ಬಲ್ಲದಾಗಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆಂಧ್ರ ಮೂಲದ ರಾಜ್ ರೆಡ್ಡಿ ಅವರ ತಂಡ 1976ರ ಹೊತ್ತಿಗೆ ಸಿದ್ಧಪಡಿಸಿದ 'ಹಾರ್ಪಿ' ಸಾವಿರಕ್ಕೂ ಹೆಚ್ಚು ಪದಗಳವರೆಗೆ ಹೋಯಿತು. ರೆಡ್ಡಿ ಅವರಿಗೆ 1994ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಇದೇ ಅವಧಿಯಲ್ಲಿ, 1975ರಲ್ಲಿ, ಸ್ಕಾಟ್ಲೆಂಡಿನ ಪಿಕೋ ಎಲೆಕ್ಟ್ರಾನಿಕ್ಸ್ ರೂಪಿಸಿದ 'ಎಕ್ಸ್-10' ವ್ಯವಸ್ಥೆ ಮನೆಯ ವಿದ್ಯುತ್ ತಂತಿಯ ಮೂಲಕವೇ ಉಪಕರಣಗಳಿಗೆ ಆದೇಶ ಕಳಿಸುವುದನ್ನು ಸಾಧಿಸಿತು.

ಎಳೆಗಳು ಕೂಡಿದ್ದು 2010ರ ನಂತರ. 2011ರಲ್ಲಿ ಇಂಟರ್ನೆಟ್ಟಿಗೆ ಜೋಡಿಸಬಲ್ಲ ನೆಸ್ಟ್ ಥರ್ಮೋಸ್ಟಾಟ್ ಬಂತು. 2014ರಲ್ಲಿ ಆ ಕಂಪನಿಯನ್ನು ಗೂಗಲ್ 320 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷದ ಕೊನೆಯಲ್ಲಿ ಅಮೆಜಾನ್ 'ಎಕೋ' ಸ್ಪೀಕರನ್ನು ಹೊರತಂದಿತು. 2016ರಲ್ಲಿ ಅದರ ಧ್ವನಿ ಸಹಾಯಕಿ ಅಲೆಕ್ಸಾ ಥರ್ಮೋಸ್ಟಾಟುಗಳನ್ನು ನಿಯಂತ್ರಿಸತೊಡಗಿತು. ಕರೆಯುವ ಹೆಸರು ಕಿವಿಗೆ ಬಿದ್ದೊಡನೆ ಸ್ಪೀಕರ್ ಎಚ್ಚರಗೊಳ್ಳುತ್ತದೆ. ಮುಂದಿನ ಮಾತು ಸಾಮಾನ್ಯವಾಗಿ ದೂರದ ಸರ್ವರಿಗೆ ಹೋಗಿ ಅಕ್ಷರವಾಗುತ್ತದೆ. ಅದರಿಂದ ಯಾವ ಉಪಕರಣ, ಏನು ಮಾಡಬೇಕು, ಎಷ್ಟು ಎಂಬುದನ್ನು ಹೆಕ್ಕಿದ ಮೇಲೆ ಆದೇಶ ಮನೆಗೆ ಮರಳುತ್ತದೆ. ಸಂಪರ್ಕ ಕಡಿದರೆ ಮತ್ತೆ ಗೋಡೆಯ ಗುಂಡಿಯೇ ಗತಿ.

ಭಾರತಕ್ಕೆ ಎಕೋ 2017ರಲ್ಲಿ ಬಂತು. ಇಲ್ಲಿನ ಮನೆಗಳಲ್ಲಿ ಮೊದಲ ಸ್ಥಾನ ಫ್ಯಾನಿನದು. ಅದನ್ನು ಮಾತಿಗೆ ಒಗ್ಗಿಸಿದ್ದು ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟಾರು. ಇದರಲ್ಲಿ ವೇಗವನ್ನು ನಿರ್ಧರಿಸುವುದು ಫ್ಯಾನಿನೊಳಗಿನ ಎಲೆಕ್ಟ್ರಾನಿಕ್ ಮಂಡಲ. ಆದ್ದರಿಂದ ರಿಮೋಟ್, ವೈಫೈಗಳನ್ನು ಅದಕ್ಕೆ ಸೇರಿಸುವುದು ಸುಲಭ. ಹಳೆಯ ಫ್ಯಾನ್ 70ರಿಂದ 80 ವ್ಯಾಟ್ ಬಳಸುವಲ್ಲಿ ಇದಕ್ಕೆ 30 ವ್ಯಾಟಿನ ಆಸುಪಾಸು ಸಾಕು. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ವಿದ್ಯುತ್ ಉಳಿತಾಯದ ಸ್ಟಾರ್ ಗುರುತು ಕಡ್ಡಾಯವಾದದ್ದು ಇಂಥ ಫ್ಯಾನುಗಳಿಗೆ ಅನುಕೂಲವಾಯಿತು. ಇದೇ ಉಳಿತಾಯದ ಉದ್ದೇಶದಿಂದ ಎಸಿಗಳಲ್ಲಿ 24 ಡಿಗ್ರಿಯನ್ನು ಆರಂಭಿಕ ತಾಪವಾಗಿಡಬೇಕೆಂಬ ನಿಯಮ 2020ರಿಂದಲೇ ಇದೆ.

ಭಾಷೆಯ ಕೆಲಸ ಇನ್ನೂ ನಡೆದಿದೆ. ಅಲೆಕ್ಸಾ 2019ರಲ್ಲಿ ಹಿಂದಿ ಕಲಿತಿತು. ಕನ್ನಡಕ್ಕೆ ಅಂಥ ಬಲ ಬರಬೇಕಾದರೆ ಧಾರವಾಡ, ಮಂಗಳೂರು, ಮೈಸೂರು, ಕಲಬುರಗಿಗಳ ಮಾತಿನ ಧಾಟಿಗಳೆಲ್ಲ ಯಂತ್ರಕ್ಕೆ ಕೇಳಿಸಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 'ವಾಣಿ' ಯೋಜನೆಯಲ್ಲಿ ದೇಶದ ಜಿಲ್ಲೆಗಳಿಂದ ಜನರ ಮಾತನ್ನು ಸಂಗ್ರಹಿಸುತ್ತಿರುವುದೂ, ಕೇಂದ್ರ ಸರ್ಕಾರದ 'ಭಾಷಿಣಿ' 2022ರಿಂದ ಭಾರತೀಯ ಭಾಷೆಗಳಿಗೆ ಸಾಧನಗಳನ್ನು ಒದಗಿಸುತ್ತಿರುವುದೂ ಈ ದಿಕ್ಕಿನ ಪ್ರಯತ್ನಗಳೇ. ಇಂಗ್ಲಿಷ್ ಬಾರದ ಹಿರಿಯರಿಗೂ ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳಿಗೂ ಈ ತಂತ್ರಜ್ಞಾನದ ಅಗತ್ಯ ಎಲ್ಲರಿಗಿಂತ ಹೆಚ್ಚು. ಅವರ ಮನೆಮಾತಿಗೆ ಓಗೊಟ್ಟಾಗಲೇ ಅದು ಪೂರ್ಣ ಉಪಯೋಗಕ್ಕೆ ಬರುತ್ತದೆ.