ತಟ್ಟೆ ಸವೆಯುತ್ತದೆ, ಪ್ರತಿ ಉಳಿಯುತ್ತದೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಹಳೆಯ ಮನೆಗಳಲ್ಲಿ ಒಂದು ಕಾಲಕ್ಕೆ ಕುಟುಂಬದ ಚರಿತ್ರೆಯೆಲ್ಲ ಕಬ್ಬಿಣದ ಬೀರುವಿನೊಳಗೇ ಇರುತ್ತಿತ್ತು. ಮದುವೆಯ ಆಲ್ಬಂ, ಮನೆಯ ಕ್ರಯಪತ್ರ, ಮಕ್ಕಳ ಅಂಕಪಟ್ಟಿ, ನಾಮಕರಣದ ವಿಡಿಯೊ ಕ್ಯಾಸೆಟ್ಟು ಎಲ್ಲಕ್ಕೂ ಒಂದೇ ಬೀಗ, ಒಂದೇ ಕೀಲಿಕೈ. ಇಂದು ಕೆಲವು ಮನೆಗಳಲ್ಲಿ ಬೀರುವಿನ ಈ ಕೆಲಸವನ್ನು ಇಂಟರ್‌ನೆಟ್ ರೂಟರಿನ ಪಕ್ಕದಲ್ಲಿ ಕುಳಿತ ಪುಟ್ಟ ಪೆಟ್ಟಿಗೆಯೊಂದು ವಹಿಸಿಕೊಂಡಿದೆ. ಅದರೊಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕುಗಳು. ಮನೆಯ ಎಲ್ಲ ಮೊಬೈಲು, ಕಂಪ್ಯೂಟರುಗಳ ಚಿತ್ರಗಳೂ ಕಡತಗಳೂ ಬಂದು ಸೇರುವುದು ಅಲ್ಲಿಗೇ. ‘ನೆಟ್‌ವರ್ಕ್ ಸ್ಟೋರೇಜ್’ ಎಂದು ಇದರ ಹೆಸರು.

ಹಸಿರಾಗಿ ಮಿನುಗುವ ಈ ಪೆಟ್ಟಿಗೆಯ ದೀಪ ಒಂದು ದಿನ ಕೆಂಪಾಗುತ್ತದೆ. ಒಳಗಿನ ಒಂದು ಡಿಸ್ಕು ಕೈಕೊಟ್ಟಿದೆ ಎಂದು ಅದರ ಅರ್ಥ. ಆಗ ಏನು ಮಾಡಬೇಕು? ಪ್ರಶ್ನೆ ಹೊಸದಾಗಿ ಕಾಣಬಹುದು. ಆದರೆ ಬರಹ ಹುಟ್ಟಿದಂದಿನಿಂದಲೂ ಮನುಷ್ಯ ಇದನ್ನು ಎದುರಿಸುತ್ತಲೇ ಬಂದಿದ್ದಾನೆ. ಬರೆದ ವಸ್ತು ನಾಶವಾಗುತ್ತದೆ. ಬರೆದದ್ದನ್ನು ಉಳಿಸಿಕೊಳ್ಳುವುದು ಹೇಗೆ?

ತಿರುಗುವ ತಟ್ಟೆಯ ಕಥೆ

ಹಾರ್ಡ್ ಡಿಸ್ಕಿನ ಚರಿತ್ರೆ 1956ರಲ್ಲಿ ಆರಂಭವಾಗುತ್ತದೆ. ಆ ವರ್ಷ ಅಮೆರಿಕದ ಐಬಿಎಂ ಕಂಪನಿ ‘ರಾಮ್ಯಾಕ್’ ಎಂಬ ಕಂಪ್ಯೂಟರನ್ನು ಹೊರತಂದಿತು. ಅದರ ಡಿಸ್ಕ್ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಒಂದು ಟನ್ನಿನಷ್ಟು ತೂಗುತ್ತಿದ್ದ ಆ ಘಟಕದಲ್ಲಿ ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಅಷ್ಟು ಜಾಗ ಸಾಲದು.

ಗಾತ್ರ ಕುಗ್ಗಿತು, ಜಾಗ ಹಿಗ್ಗಿತು. ಆದರೆ ತತ್ವ ಅದೇ ಉಳಿಯಿತು. ಮನೆಯ ಪೆಟ್ಟಿಗೆಯಲ್ಲಿರುವ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತು ತಿರುಗುತ್ತವೆ. ಓದುವ, ಬರೆಯುವ ತಲೆ ಅವುಗಳ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಕೂದಲೆಳೆಯ ದಪ್ಪದಲ್ಲಿ ಅದು ಸಾವಿರಾರು ಪಾಲಿನಲ್ಲಿ ಒಂದು. ಧೂಳಿನ ಕಣವೊಂದು ನುಸುಳಿದರೆ, ಡಿಸ್ಕು ಕೈಜಾರಿ ಬಿದ್ದರೆ, ಮೋಟಾರು ಸವೆದರೆ ಓದು ನಿಂತಿತು. ಡಿಸ್ಕು ಕೆಡುವುದು ಅಪಘಾತವಲ್ಲ, ಅದರ ಸ್ವಭಾವವೇ ಅದು. ಯಾವಾಗ ಕೆಡುತ್ತದೆ ಎಂಬುದಷ್ಟೇ ಪ್ರಶ್ನೆ.

ಕ್ಯಾಲಿಫೋರ್ನಿಯಾದ ಒಂದು ಲೆಕ್ಕ

1980ರ ದಶಕದಲ್ಲಿ ವೈಯಕ್ತಿಕ ಕಂಪ್ಯೂಟರುಗಳಿಂದಾಗಿ ಸಣ್ಣ ಡಿಸ್ಕುಗಳು ಅಗ್ಗವಾದವು. ಒಂದು ದುಬಾರಿ ದೊಡ್ಡ ಡಿಸ್ಕಿನ ಬದಲು ನೂರು ಅಗ್ಗದ ಡಿಸ್ಕುಗಳನ್ನು ಜೋಡಿಸಿದರೆ ಹೇಗೆ ಎಂದು ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಯೋಚಿಸಿದರು. ಲೆಕ್ಕ ಹಾಕಿದಾಗ ತೊಡಕು ಕಂಡಿತು. ಒಂದು ಡಿಸ್ಕು ಸರಾಸರಿ 30,000 ಗಂಟೆ, ಎಂದರೆ ಸುಮಾರು ಮೂರೂವರೆ ವರ್ಷ ಬಾಳಿದರೆ, ನೂರು ಡಿಸ್ಕುಗಳ ಗುಂಪಿನಲ್ಲಿ ಸರಾಸರಿ 300 ಗಂಟೆಗೊಂದು ಕೆಡುತ್ತದೆ. ಎರಡು ವಾರವೂ ಆಗಲಿಲ್ಲ! ಮನೆಯಲ್ಲಿ ಜನ ಹೆಚ್ಚಿದಷ್ಟೂ ಯಾರಿಗಾದರೂ ಒಬ್ಬರಿಗೆ ನೆಗಡಿ ಇದ್ದೇ ಇರುವಂತೆ.

ಪರಿಹಾರವನ್ನೂ ಅವರೇ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿಂಗಡಿಸಿ ತೋರಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ರೇಡ್’. ಅದರ ಬೀಜ ಇನ್ನೂ ಹಿಂದಿನದು. ಕೆಟ್ಟ ಘಟಕದಲ್ಲಿದ್ದ ಮಾಹಿತಿಯನ್ನು ಉಳಿದವುಗಳ ನೆರವಿನಿಂದ ಮರಳಿ ಪಡೆಯುವ ವಿಧಾನಕ್ಕೆ ಐಬಿಎಂನ ಕೆನ್ ಔಚಿ ಅವರಿಗೆ 1978ರಲ್ಲೇ ಪೇಟೆಂಟ್ ದೊರೆತಿತ್ತು.

ವಿಧಾನ ಸರಳವಾಗಿದೆ. ಒಂದು ಡಿಸ್ಕಿನಲ್ಲಿ 7, ಇನ್ನೊಂದರಲ್ಲಿ 5 ಎಂದು ಬರೆದಿದೆ ಎನ್ನೋಣ. ಮೂರನೆಯದರಲ್ಲಿ ಅವುಗಳ ಮೊತ್ತ 12 ಎಂದು ಬರೆದಿಡುವುದು. ಮೊದಲನೆಯದು ಕೆಟ್ಟರೆ ಚಿಂತೆಯಿಲ್ಲ: 12ರಲ್ಲಿ 5 ಕಳೆದರೆ 7 ಮರಳಿ ಬಂತು. ನಿಜವಾದ ಡಿಸ್ಕುಗಳಲ್ಲಿ ಕೂಡುವ ಕಳೆಯುವ ಬದಲು ಸೊನ್ನೆ, ಒಂದುಗಳ ಸಮ-ಬೆಸ ಲೆಕ್ಕ ನಡೆಯುತ್ತದೆ, ಅಷ್ಟೇ. ಎರಡೇ ಡಿಸ್ಕುಗಳಿದ್ದರೆ ಒಂದು ಇನ್ನೊಂದರ ಕನ್ನಡಿ. ಒಂದು ಕೆಟ್ಟರೂ ಮನೆಯವರ ಕೆಲಸ ನಿಲ್ಲುವುದಿಲ್ಲ. ಹೊಸ ಡಿಸ್ಕು ಹಾಕಿದರೆ ಪೆಟ್ಟಿಗೆ ತಾನೇ ಅದನ್ನು ತುಂಬಿಕೊಳ್ಳುತ್ತದೆ.

ಎಡವುವುದು ಇಲ್ಲೇ. ಕನ್ನಡಿ ಇದೆಯಲ್ಲ, ಇನ್ನೇನು ಭಯ ಎಂದು ಅನೇಕರು ನಿಶ್ಚಿಂತರಾಗುತ್ತಾರೆ. ಆದರೆ ಚಿತ್ರವನ್ನು ಯಾರಾದರೂ ತಪ್ಪಿ ಅಳಿಸಿದರೆ ಕನ್ನಡಿಯಲ್ಲೂ ಅದು ಅದೇ ಕ್ಷಣ ಅಳಿಯುತ್ತದೆ. ಸಿಡಿಲಿನಿಂದ ವಿದ್ಯುತ್ ಏರುಪೇರಾದರೆ ಎರಡೂ ಒಟ್ಟಿಗೇ ಸುಡಬಹುದು. ಕಳ್ಳ ಒಯ್ಯುವುದು ಇಡೀ ಪೆಟ್ಟಿಗೆಯನ್ನೇ. 2022ರ ಜನವರಿಯಲ್ಲಿ ಇಂಟರ್‌ನೆಟ್ಟಿಗೆ ತೆರೆದುಕೊಂಡಿದ್ದ ಇಂಥ ಪೆಟ್ಟಿಗೆಗಳಿಗೆ ‘ಡೆಡ್‌ಬೋಲ್ಟ್’ ಎಂಬ ದುಷ್ಟ ತಂತ್ರಾಂಶ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅಲ್ಲಿ ಡಿಸ್ಕುಗಳೆಲ್ಲ ಆರೋಗ್ಯವಾಗಿಯೇ ಇದ್ದವು! ಕನ್ನಡಿ ಯಂತ್ರದ ಸಾವಿಗೆ ಮದ್ದು. ಬೇರೆಡೆ ಇಟ್ಟ ಪ್ರತಿಯ ಕೆಲಸವನ್ನು ಅದು ಮಾಡಲಾರದು.

ಅತ್ತಿಮಬ್ಬೆಯ ಸಾವಿರ ಪ್ರತಿ

ಕನ್ನಡ ನಾಡಿಗೆ ಈ ಪಾಠ ಹೊಸದಲ್ಲ. ನಮ್ಮ ಹಿರಿಯರು ಬರೆದದ್ದು ತಾಳೆಗರಿಯ ಮೇಲೆ. ಹುಳು, ತೇವ, ಬೆಂಕಿ ಮೂರೂ ಅದಕ್ಕೆ ಶತ್ರುಗಳು. ಗರಿ ಶಿಥಿಲವಾಗುವ ಮುನ್ನ ಹೊಸ ಗರಿಗೆ ಇಳಿಸದಿದ್ದರೆ ಗ್ರಂಥ ಹೋದಂತೆಯೇ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಕಾವ್ಯ ಇಂದಿಗೂ ನಮಗೆ ಓದಲು ದೊರೆಯುತ್ತದೆ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ಮಾತ್ರ ಸಿಕ್ಕಿಲ್ಲ. ಕವಿ ಒಬ್ಬನೇ, ಕಾಲ ಒಂದೇ, ಒಂದು ಉಳಿಯಿತು, ಇನ್ನೊಂದು ಅಳಿಯಿತು.

ಪ್ರತಿ ಒಂದೇ ಕಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕನ್ನಡದ ಮೂಡುಬಿದಿರೆ ಸಾಕ್ಷಿ. ದಿಗಂಬರ ಜೈನರ ಆಗಮವಾದ ‘ಷಟ್ಖಂಡಾಗಮ’ ಮತ್ತು ಅದರ ‘ಧವಲಾ’ ವ್ಯಾಖ್ಯಾನ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದಿದ್ದುದು ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಮಾತ್ರ. ಶತಮಾನಗಳ ಕಾಲ ಅವು ಓದಿಗಿಂತ ಹೆಚ್ಚಾಗಿ ದರ್ಶನದ ವಸ್ತುಗಳಾಗಿದ್ದವು. 1883ರಲ್ಲಿ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದ್ ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಕಳವಳಗೊಂಡರು. ಇಂದಿನ ಮಾತಿನಲ್ಲಿ ಹೇಳುವುದಾದರೆ, ದೀಪ ಕೆಂಪಾಗಿತ್ತು.

ಪ್ರತಿ ಮಾಡುವ ಕೆಲಸ 1896ರಲ್ಲಿ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಬರೆಯಲು ಕುಳಿತರು. ಶಾಸ್ತ್ರಿಗಳು ನಡುವೆಯೇ ತೀರಿಕೊಂಡರೂ ಕೆಲಸ ಮುಂದುವರಿಯಿತು. ‘ಮಹಾಧವಲಾ’ ಎಂದು ಹೆಸರಾದ ಗ್ರಂಥವೂ ಸೇರಿ ಎಲ್ಲದರ ಪ್ರತಿ ಮುಗಿಯುವಾಗ 1922 ಆಗಿತ್ತು. ಆದರೆ ಒಂದು ಕಟ್ಟಳೆ ಇತ್ತು: ಪ್ರತಿಗಳು ಮೂಡುಬಿದಿರೆ ಬಿಟ್ಟು ಹೊರಹೋಗಕೂಡದು. ಮೂಲವೂ ನಕಲೂ ಒಂದೇ ಊರಿನಲ್ಲಿ. ಒಂದೇ ಪೆಟ್ಟಿಗೆಯೊಳಗಿನ ಎರಡು ಡಿಸ್ಕುಗಳ ಸ್ಥಿತಿ ಇದೇ ಅಲ್ಲವೇ?

ಈ ಕಟ್ಟಳೆಯನ್ನು ಮುರಿದವರು ಬರೆಯುತ್ತಿದ್ದ ಗಜಪತಿ ಉಪಾಧ್ಯಾಯರೇ. ಪತ್ನಿ ಲಕ್ಷ್ಮೀಬಾಯಿಯ ನೆರವಿನಿಂದ ಅವರು ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಸಿದ್ಧಪಡಿಸಿದರು. ಅದನ್ನು ಕೊಳ್ಳಲು ಮೊದಲು ಹಿಂಜರಿಕೆ ಎದುರಾಯಿತಾದರೂ, ಕೊನೆಗೆ ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರು ಪಡೆದುಕೊಂಡರು. ಅಲ್ಲಿ ಅದನ್ನು ನಾಗರಿ ಲಿಪಿಗೆ ಇಳಿಸುವಾಗ ಲಿಪಿಕಾರ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿ ಉಳಿಸಿಕೊಂಡರು. ಅದರಿಂದ ಮತ್ತಷ್ಟು ಪ್ರತಿಗಳು ಬೇರೆ ಬೇರೆ ಊರುಗಳಿಗೆ ಹಬ್ಬಿದವು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ‘ಧವಲಾ’ದ ಮೊದಲ ಸಂಪುಟ 1939ರಲ್ಲಿ ಅಚ್ಚಾದದ್ದು ಇಂಥ ಪ್ರತಿಗಳ ಬಲದಿಂದಲೇ. 1958ರ ಹೊತ್ತಿಗೆ 16 ಸಂಪುಟಗಳು ಪೂರ್ಣಗೊಂಡವು. ಮಾಡಿದ್ದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಗ್ರಂಥ ಲೋಕಕ್ಕೆ ದಕ್ಕಿದ್ದು ಮಾತ್ರ ಹೊರಗೆ ಹೋದ ಪ್ರತಿಯಿಂದ.

ಪ್ರತಿಯ ಪ್ರತಿಯಲ್ಲಿ ತಪ್ಪೂ ನುಸುಳುತ್ತದೆ. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಈ ಪ್ರತಿಗಳಲ್ಲಿ ಬಿಟ್ಟುಹೋಗಿತ್ತು. ಸಂದರ್ಭ ನೋಡಿದರೆ ಅದು ಇರಬೇಕೆಂದು ಸಂಪಾದಕರು ಊಹಿಸಿದರು. ಈ ಕುರಿತು ವಿದ್ವಾಂಸರಲ್ಲಿ ದೊಡ್ಡ ವಾದವೇ ನಡೆಯಿತು. ಮೂಡುಬಿದಿರೆಯ ತಾಳೆಗರಿಯೊಂದಿಗೆ ತಾಳೆ ನೋಡಿದಾಗ ಪದ ಅಲ್ಲಿತ್ತು! ಪ್ರತಿ ಮಾಡಿದರಷ್ಟೇ ಸಾಲದು, ಆಗಾಗ ಹೋಲಿಸಿಯೂ ನೋಡಬೇಕು. ಮನೆಯ ಪೆಟ್ಟಿಗೆಗಳಲ್ಲಿ ತಿಂಗಳಿಗೊಮ್ಮೆ ಎಲ್ಲ ಡಿಸ್ಕುಗಳನ್ನೂ ಓದಿ ಪರೀಕ್ಷಿಸುವ ‘ಸ್ಕ್ರಬ್’ ಎಂಬ ಸೌಲಭ್ಯ ಇರುವುದು ಇದಕ್ಕೇ.

ದೀಪ ಕೆಂಪಾದಾಗ

ಡಿಸ್ಕು ಕೆಡುವ ಮುನ್ನ ಸೂಚನೆ ಕೊಡುತ್ತದೆಯೇ? ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಗೂಗಲ್ ಸಂಸ್ಥೆಯ ಎಂಜಿನಿಯರುಗಳು 2007ರಲ್ಲಿ ವರದಿ ಪ್ರಕಟಿಸಿದರು. ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕುಗಳಲ್ಲಿ ಶೇ 56ಕ್ಕೂ ಹೆಚ್ಚಿನವು ಪ್ರಮುಖವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಸೂಚನೆ ಬಂದರೆ ಕೂಡಲೇ ಡಿಸ್ಕು ಬದಲಿಸಬೇಕು. ಬರಲಿಲ್ಲವೆಂದು ನೆಮ್ಮದಿಯಿಂದ ಇರುವಂತೆಯೂ ಇಲ್ಲ.

ಬದಲಿಸುವಾಗ ಕ್ರಮ ಮುಖ್ಯ. ಮೊದಲು, ಪೆಟ್ಟಿಗೆ ಇನ್ನೂ ಓದುತ್ತಿರುವಾಗಲೇ ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಯಾವ ಡಿಸ್ಕು ಕೆಟ್ಟಿದೆ ಎಂಬುದನ್ನು ಅದರ ಕ್ರಮಸಂಖ್ಯೆ ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಒಳ್ಳೆಯದನ್ನು ಎಳೆದು ಕೆಟ್ಟದ್ದನ್ನು ಉಳಿಸಿಕೊಂಡರೆ ಇದ್ದದ್ದೂ ಹೋಗುತ್ತದೆ. ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದಾಗಿರಬಾರದು. ಅದು ತುಂಬಿಕೊಳ್ಳುವಾಗ ಉಳಿದ ಡಿಸ್ಕುಗಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಎಡೆಬಿಡದೆ ದುಡಿಯಬೇಕು. ಒಟ್ಟಿಗೆ ಕೊಂಡ ಡಿಸ್ಕುಗಳಿಗೆ ವಯಸ್ಸೂ ಒಂದೇ, ಸವೆತವೂ ಒಂದೇ. ಎರಡನೆಯದು ಕೈಕೊಡುವ ಅಪಾಯ ಆಗಲೇ ಹೆಚ್ಚು. ನಡುವೆ ಕರೆಂಟು ಹೋಗದಂತೆ ಯುಪಿಎಸ್ ಇದ್ದರೆ ಕ್ಷೇಮ.

ಪೆಟ್ಟಿಗೆಯೇ ಕೆಟ್ಟು ಡಿಸ್ಕುಗಳು ಚೆನ್ನಾಗಿದ್ದರೆ ಧೈರ್ಯಗೆಡಬೇಕಿಲ್ಲ. ಹಲವು ಪೆಟ್ಟಿಗೆಗಳ ಒಳಗೆ ಓಡುವುದು ಲಿನಕ್ಸ್ ತಂತ್ರಾಂಶ. ಜೋಡಣೆಯ ವಿವರ ಡಿಸ್ಕುಗಳಲ್ಲೇ ಇರುವುದರಿಂದ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ ಓದಿಕೊಳ್ಳುವುದು ಎಷ್ಟೋ ಸಲ ಸಾಧ್ಯ. ಡಿಸ್ಕೇ ಶಿಥಿಲವಾಗಿದ್ದರೆ, ಇಡೀ ಡಿಸ್ಕನ್ನು ಬೇರೊಂದಕ್ಕೆ ಇಳಿಸಿಕೊಂಡು ಆ ಪ್ರತಿಯ ಮೇಲೆ ಚಿಕಿತ್ಸೆ ನಡೆಸಬೇಕೇ ಹೊರತು ಮೂಲದ ಮೇಲಲ್ಲ. ‘ಡಿಡಿ ರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶ ಮೊದಲು ಸುಲಭವಾಗಿ ಓದಬರುವ ಭಾಗಗಳನ್ನೆಲ್ಲ ಇಳಿಸಿಕೊಂಡು, ಕಷ್ಟದವನ್ನು ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಮಾತ್ರ ಕೂಡಲೇ ವಿದ್ಯುತ್ ತೆಗೆದು ತಜ್ಞರ ಕೈಗೊಪ್ಪಿಸಬೇಕು. ಮನೆಯಲ್ಲಿ ಅದರ ಮುಚ್ಚಳ ತೆರೆಯುವುದು ಸಲ್ಲದು.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ. ಇದು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಸೂತ್ರ. ವಿಜಯನಗರದ ಮನೆಯ ಪೆಟ್ಟಿಗೆಯಲ್ಲಿ ಒಂದು, ಬೀರುವಿನಲ್ಲಿಟ್ಟ ಹೊರ ಡಿಸ್ಕಿನಲ್ಲಿ ಇನ್ನೊಂದು, ಊರಿನ ಅಣ್ಣನ ಮನೆಯಲ್ಲೋ ಬಾಡಿಗೆಯ ‘ಕ್ಲೌಡ್’ನಲ್ಲೋ ಮತ್ತೊಂದು ಇದ್ದರೆ ಸಾಕು. ಅತ್ತಿಮಬ್ಬೆಯಂತೆ ಸಾವಿರ ಪ್ರತಿ ಯಾರಿಗೂ ಬೇಕಿಲ್ಲ. ಅಜ್ಜಿಯ ದನಿ, ಮಗುವಿನ ಮೊದಲ ಹೆಜ್ಜೆ ಇವು ಯಾವ ಅಂಗಡಿಯಲ್ಲೂ ಮತ್ತೆ ಸಿಗುವುದಿಲ್ಲ. ಡಿಸ್ಕು ಮಾತ್ರ ಎಸ್.ಪಿ. ರಸ್ತೆಯಲ್ಲಿ ನಾಳೆಯೂ ಸಿಗುತ್ತದೆ.