ಬಾಲಾನಗರದ ಬೇರೆ ದಾರಿ

ನಾನು ಬಾಲಾನಗರಕ್ಕೆ ವರ್ಗವಾಗಿ ಬಂದದ್ದು 1987ರಲ್ಲಿ. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿ ನಾಲ್ಕು ವರ್ಷವಾಗಿತ್ತು. ತೆಲುಗು ಬಾರದು, ಉರ್ದು ಅಷ್ಟಕ್ಕಷ್ಟೆ. ಭಾನುವಾರ ಬಂತೆಂದರೆ ನಾಲ್ಕು ಕನ್ನಡದ ಮಾತು ಕಿವಿಗೆ ಬೀಳಲಿ ಅಂತ ಬಸ್ಸು ಹಿಡಿದು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗುತ್ತಿದ್ದೆ. ಉಳಿದ ದಿನವೆಲ್ಲ ಕಾರ್ಖಾನೆಗಳ ನಡುವೆ. ಹೆಚ್.ಎ.ಎಲ್., ಟೂಲ್ ಡಿಸೈನ್ ಸಂಸ್ಥೆ, ಮತ್ತೆ ಸೋವಿಯತ್ ನೆರವಿನಿಂದ ಕಟ್ಟಿದ ಸರ್ಕಾರಿ ಔಷಧ ಕಾರ್ಖಾನೆ ಐ.ಡಿ.ಪಿ.ಎಲ್.

ಐ.ಡಿ.ಪಿ.ಎಲ್. ನೌಕರಿ ಅಂದರೆ ಹೆಣ್ಣು ಹೆತ್ತವರು ಕಣ್ಣುಮುಚ್ಚಿ ಒಪ್ಪುವಂಥದ್ದು. ಅದನ್ನು ಬಿಟ್ಟು ಶೆಡ್ಡು ಹಾಕಲು ಸಾಲ ಕೇಳಿಕೊಂಡು ಬರುವವರನ್ನು ಕಂಡರೆ, ಇವರಿಗೇನು ತಲೆ ಕೆಟ್ಟಿದೆಯೇ ಅನಿಸುತ್ತಿತ್ತು.

ತಲೆ ನೆಟ್ಟಗೇ ಇತ್ತು. 1911ರ ಬ್ರಿಟಿಷರ ಕಾಲದ ಕಾಯ್ದೆಯಲ್ಲಿ ಔಷಧಿಗೇ ಪೇಟೆಂಟ್ ಸಿಗುತ್ತಿತ್ತು. 1970ರ ಕಾಯ್ದೆ 1972ರಲ್ಲಿ ಜಾರಿಗೆ ಬಂದ ಮೇಲೆ 2005ರ ತನಕ ತಯಾರಿಸುವ ವಿಧಾನಕ್ಕೆ ಮಾತ್ರ ಸಿಗುತ್ತಿತ್ತು. ಪೇಡೆ ಯಾರು ಬೇಕಾದರೂ ಮಾಡಿರಿ, ಆದರೆ ಇನ್ನೊಬ್ಬರು ಪೇಟೆಂಟ್ ಮಾಡಿಸಿದ ಕ್ರಮದಲ್ಲಿ ಮಾಡಬೇಡಿ ಅಂದ ಹಾಗೆ! ಹೀಗಾಗಿ ಬೇರೆ ದಾರಿ ಹುಡುಕುವುದು ಆಗ ಇಲ್ಲಿ ಭಾಷಣದ ಮಾತಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು. ಕ್ರಿಯೆಯ ಹಂತ ಕಡಿಮೆ ಮಾಡಬೇಕು, ದುಬಾರಿ ದ್ರಾವಕದ ಬದಲು ಅಗ್ಗದ್ದು ಬಳಸಬೇಕು, ಶುದ್ಧತೆ ಮಾತ್ರ ಕೆಡಬಾರದು. ಗಾಜಿನ ಬುರುಡೆಯಲ್ಲಿ ಚೆಂದಾಗಿ ಬಂದದ್ದು ದೊಡ್ಡ ರಿಯಾಕ್ಟರಿನಲ್ಲಿ ಬರುವುದಿಲ್ಲ. ಶಾಖ ಒಳಗೇ ನಿಂತು ಮಾಲೆಲ್ಲ ಡಾಂಬರಿನಂತಾಗುತ್ತದೆ. ಮತ್ತೆ ಮೊದಲಿನಿಂದ.

ಈ ದಾರಿ ಹಿಡಿದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಡಾ. ಕೆ. ಅಂಜಿ ರೆಡ್ಡಿ. ಗುಂಟೂರು ಜಿಲ್ಲೆಯ ಅರಿಸಿನ ಬೆಳೆಗಾರರ ಮಗ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡಿದವರು. 1969ರಿಂದ 1975ರವರೆಗೆ ಐ.ಡಿ.ಪಿ.ಎಲ್.ನಲ್ಲಿದ್ದರು. ಅದನ್ನು ಬಿಟ್ಟು ಯೂನಿಲಾಯ್ಡ್ಸ್, ಆಮೇಲೆ ಸ್ಟ್ಯಾಂಡರ್ಡ್ ಆರ್ಗ್ಯಾನಿಕ್ಸ್, 1984ರಲ್ಲಿ ಡಾ. ರೆಡ್ಡೀಸ್ ಲ್ಯಾಬೊರೇಟರೀಸ್. ರಕ್ತದೊತ್ತಡದ ಮಿಥೈಲ್‌ಡೋಪಾ ತಯಾರಿಸಿ ಹೊರದೇಶಕ್ಕೂ ಕಳಿಸಿದರು. 2001ರಲ್ಲಿ ಕಂಪನಿ ನ್ಯೂಯಾರ್ಕ್ ಷೇರುಪೇಟೆಗೆ ಹೋಯಿತು. ಅಷ್ಟಕ್ಕೇ ಸುಮ್ಮನಾಗದೆ ಹೊಸ ಅಣುವನ್ನೇ ಕಂಡುಹಿಡಿಯುವ ಹಟ ತೊಟ್ಟಿದ್ದರು. 1997ರಲ್ಲಿ ಅವರ ಸಕ್ಕರೆ ಕಾಯಿಲೆಯ ಅಣುವನ್ನು ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಪಡೆದುಕೊಂಡಾಗ ಪತ್ರಿಕೆಗಳ ತುಂಬ ಅದೇ ಸುದ್ದಿ. ಇನ್ನೊಂದು ಅಣು ರಾಗಾಗ್ಲಿಟಜಾರ್ ಮನುಷ್ಯರ ಮೇಲಿನ ಪ್ರಯೋಗಕ್ಕೂ ಹೋಗಿತ್ತು. ಇಲಿಗಳ ಮೂತ್ರಕೋಶದಲ್ಲಿ ಗೆಡ್ಡೆ ಕಂಡು 2002ರಲ್ಲಿ ಅದು ನಿಂತಿತು. 2013ರಲ್ಲಿ ಅವರು ತೀರಿಕೊಳ್ಳುವ ತನಕ ಅವರ ಯಾವ ಹೊಸ ಅಣುವೂ ಔಷಧಿಯಾಗಿ ಅಂಗಡಿ ಮುಟ್ಟಲಿಲ್ಲ. ಅವರು ಕೈ ಬಿಡಲೂ ಇಲ್ಲ.

ಇಂಥ ಹೆಸರು ಮಾಡದವರೂ ಅನೇಕರಿದ್ದರು. 1988ರಲ್ಲಿ ಒಬ್ಬರು ನನ್ನ ಮೇಜಿನ ಮುಂದೆ ಕೂತು ಒಂದು ಉದ್ದನೆಯ ನೋಟುಪುಸ್ತಕ ತೆಗೆದರು. ಕೆಟ್ಟ ಬ್ಯಾಚುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಬರೆದಿದ್ದರು. 'ಇದನ್ನ ನೋಡಿ ಸಾರ್, ಆಮೇಲೆ ಪ್ರಾಜೆಕ್ಟ್ ರಿಪೋರ್ಟ್ ನೋಡಿ' ಅಂದರು. ನಾನು ರಿಪೋರ್ಟಷ್ಟೇ ನೋಡಿದೆ. ಕೆಂಪು ಶಾಯಿ ಅಂದರೆ ಲೆಕ್ಕ ಓದಿದವನಿಗೆ ನಷ್ಟವೇ ಅಲ್ಲವೆ? 'ತಾಂತ್ರಿಕ ಸಾಮರ್ಥ್ಯ ಸಾಬೀತಾಗಿಲ್ಲ' ಎಂದು ಷರಾ ಬರೆದು ಕಳಿಸಿದೆ. ಬೇರೆ ಕಡೆ ಸಾಲ ಸಿಕ್ಕಿ ಅವರ ಶೆಡ್ಡು ಎದ್ದಿತು, ನಡೆಯಿತು.

ಗಟ್ಟಿ ಅಂತ ನಾನು ನಂಬಿದ್ದ ಐ.ಡಿ.ಪಿ.ಎಲ್. 1992ರಲ್ಲಿ ರೋಗಗ್ರಸ್ತ ಉದ್ಯಮಗಳ ಪಟ್ಟಿ ಸೇರಿತು. 2016ರಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ನಿರ್ಧರಿಸಿತು. ಅಡ್ಡರಸ್ತೆಯ ಹೆಸರು ಮಾತ್ರ ಈಗಲೂ ಐ.ಡಿ.ಪಿ.ಎಲ್.

ನಿವೃತ್ತನಾದ ಮೇಲೆ ಒಂದು ಮದುವೆಯಲ್ಲಿ ಆ ನೋಟುಪುಸ್ತಕದವರು ಸಿಕ್ಕರು. ನಾನೇ ಹಳೆಯ ಮಾತು ತೆಗೆದೆ. ನಕ್ಕು, ಪುಸ್ತಕ ಇನ್ನೂ ಮನೆಯಲ್ಲಿದೆ ಅಂದರು. ಮರುದಿನವೇ ಹೋಗಿ ನೋಡಿದೆ. ಕೆಂಪು ಪುಟಗಳಲ್ಲಿ ಎಲ್ಲಕ್ಕೂ ಕೆಳಗೆ, ಯಾಕೆ ಕೆಟ್ಟಿತು ಅಂತ ನೀಲಿಯಲ್ಲಿ ಒಂದೊಂದು ಸಾಲು ಬರೆದಿತ್ತು.